ಬಸಕ್ಕನ ಮನೆಗೆ ಐದು ಸಹಿ

ಆಶ್ರಯ ಪ್ಲಾಟ್, ಯರಗುಪ್ಪಿ ದಾರಿ
ಕುಂದಗೋಳ ತಾಲೂಕು
14 ಜೂನ್ 2024

ಸೀಮಾ,

ಕಾಗದ ನೋಡಿ ನಗಬೇಡ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ನಾಲ್ಕು ಆಡಿರುತ್ತೀ. ನಮ್ಮ ತಗಡಿನ ಶೆಡ್ಡಿನಲ್ಲಿ ಆಡಿದ್ದೆಲ್ಲ ಇಡೀ ಓಣಿಗೆ ಕೇಳುತ್ತದೆ ಬೇರೆ. ಕಾಗದವಾದರೆ ನೀನು ಬಾಯಿ ಹಾಕದೆ ಪೂರ್ತಿ ಓದಲೇಬೇಕು.

ಮೊನ್ನೆ ಪಂಚಾಯ್ತಿ ಗೋಡೆಗೆ ಎರಡು ಪಟ್ಟಿ ಅಂಟಿಸಿದ್ದಾರೆ. ಹದಿನೇಳು ವರ್ಷದ ಹಿಂದೆ ಸರ್ಕಾರ ಕೊಟ್ಟ ನಮ್ಮ ಪ್ಲಾಟಿನ ಮನೆಗಳಿಗೆ ಈಗ ಹಕ್ಕುಪತ್ರ ಮಾಡಿಕೊಡುತ್ತಾರಂತೆ. ಅದಕ್ಕೂ ಮುಂಚೆ ಯಾರು ಬಡವರು, ಯಾರು ಅಲ್ಲ ಅಂತ ಮತ್ತೊಮ್ಮೆ ನೋಡಿದ್ದಾರೆ. ರೇಶನ್ ಕಾರ್ಡಿನಲ್ಲಿ ಒಬ್ಬರಿಗೆ ಸರ್ಕಾರಿ ಪಗಾರ ಇದ್ದರೂ ಮನೆ ವಾಪಸ್. ಅದು ಮನೆ ಇಲ್ಲದವರಿಗೆ ಹೋಗುತ್ತದೆ.

ನಾನು ಓದಿದ್ದು ಕೆಳಗಿನ ಪಟ್ಟಿಯನ್ನು, ಮನೆ ಇಲ್ಲದವರದು. ಒಂಬತ್ತು ವರ್ಷದಿಂದ ಅದರಲ್ಲಿ ಮೇಲೆ ಕೆಳಗೆ ಆಡುತ್ತಿದ್ದ ನನ್ನ ಹೆಸರು ಈ ಸಲ ಮೊದಲನೆಯದು. ಶಮಾ, ತಂದೆ ರಹಿಮಾನಸಾಬ, ಗಂಡ ಬಿಟ್ಟವಳು. ಹಾಗೆ ಬರೆದಿದ್ದಕ್ಕೆ ಮೊದಲ ಸಲ ಬೇಜಾರಾಗಲಿಲ್ಲ, ಖುಷಿಯಾಯಿತು. ನಿನಗೆ ಸುಳ್ಳು ಹೇಳುವುದಿಲ್ಲ, ಅಲ್ಲೇ ನಿಂತು ನಕ್ಕೆ. ಆಮೇಲೆ ತಲೆ ಎತ್ತಿ, ವಾಪಸ್ ಬರುವುದು ಯಾರ ಮನೆ ಅಂತ ನೋಡಿದೆ. ಅಲ್ಲಿದ್ದದ್ದು ಒಂದೇ ಹೆಸರು. ಬಸಕ್ಕ. ಬಾಜೂ ಷರಾ: ಮಗಳು ಸರ್ಕಾರಿ ನರ್ಸ್.

ನೀನು ಕೇಳುತ್ತೀ, ಪ್ಲಾಟಿನಲ್ಲಿ ಉಳ್ಳವರು ನಮ್ಮವ್ವ ಒಬ್ಬಳೇ ಏನು ಅಂತ. ಟ್ರ್ಯಾಕ್ಟರ್ ಇದ್ದವರಿದ್ದಾರೆ, ಮಾಸ್ತರಿಕೆ ಮಾಡುವ ಮಗ ಇದ್ದವರಿದ್ದಾರೆ. ಅವರೆಲ್ಲ ಸುದ್ದಿ ಗೊತ್ತಾದ ತಿಂಗಳಲ್ಲೇ ಕಾರ್ಡು ಒಡೆಸಿಕೊಂಡು, ಉಳ್ಳವರ ಹೆಸರು ಬೇರೆ ಕಾರ್ಡಿಗೆ ಹಾಕಿಸಿ, ಬಡವರಾಗಿದ್ದಾರೆ. ನಿಮ್ಮವ್ವನಿಗೆ ಆ ಬುದ್ಧಿ ಹೊಳೆಯಲಿಲ್ಲ.

ತಕರಾರು ಹೇಳಲು ಆಗಸ್ಟಿನ ಗ್ರಾಮಸಭೆಯವರೆಗೆ ಸಮಯವಿದೆ. ಆಕೆಗೆ ಇನ್ನೂ ಯಾರೂ ಹೇಳಿಲ್ಲ. ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಾ, "ಶಮಾ, ಚಾ ಕುಡದೇನ ಬೇ" ಅಂತ ಕೂಗುತ್ತಾಳೆ. ಎರಡು ದಿನದಿಂದ ನಾನು ಕುಡಿದಿದ್ದೇನೆ ಅಂತ ಸುಳ್ಳು ಹೇಳಿ ಒಳಗೇ ಕೂತಿದ್ದೇನೆ. ಆಕೆಯ ಚಹಾ ಕುಡಿಯುತ್ತಾ ಆಕೆಯ ಮನೆ ನನಗೆ ಬರಲಿ ಅಂತ ಹೇಗೆ ಕಾಯಲಿ? ಬಿಟ್ಟುಕೊಡುತ್ತೀಯೋ ಇಲ್ಲವೋ ಹೇಳು. ಬಿಟ್ಟುಕೊಟ್ಟರೆ, ಕೇಳಿದವಳು ನಾನಲ್ಲ ಅಂತ ಆಕೆಗೆ ತಿಳಿಸು.

ನಿನ್ನ
ಶಮಾ


ನರ್ಸ್ ಕ್ವಾರ್ಟರ್ಸ್, ಕಲಘಟಗಿ
27 ಜೂನ್ 2024

ಶಮಾ,

ಪೂರ್ತಿ ಓದಿದೆ, ಬಾಯಿ ಹಾಕದೆ. ನಿನ್ನ ಅಕ್ಷರ ಏಳನೇ ಇಯತ್ತೆಯಲ್ಲಿ ಇದ್ದ ಹಾಗೇ ಇದೆ, ಕೋಳಿ ಕೆದರಿದಂತೆ. ಮೊದಲ ಎರಡು ಸಲ ನನ್ನ ಕಣ್ಣಿಗೆ ಅಕ್ಷರವೇ ಕಂಡಿತು, ವಿಷಯ ಕಾಣಲಿಲ್ಲ.

ಹೆಚ್ಚು ದುಡಿಯುವವರು ಸರ್ಕಾರದ ಮನೆ ಬಿಡಬೇಕು ಅನ್ನುವುದು ನ್ಯಾಯವೇ. ನಾನು ಪಟ್ಟಿ ಮಾಡುವ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಆದರೆ ದುಡಿಯುವವಳು ನಾನು, ಮನೆ ಅವ್ವನದು. ನನ್ನ ಪಗಾರ ಅವಳದು ಯಾವಾಗ ಆಯಿತು?

ಮಾರ್ಚಿನಲ್ಲಿ ಅವಳನ್ನು ಇಲ್ಲಿಗೆ ಕರೆದುಕೊಂಡು ಬಂದಿದ್ದೆ, ನಿನಗೆ ಗೊತ್ತು. ಹನ್ನೊಂದು ದಿನ ಇದ್ದಳು. ಉಣ್ಣೆಯ ಗಂಟು ತಂದಿದ್ದಳು. ಇಲ್ಲಿರುವುದು ಒಂದು ಕೋಣೆ, ಒಂದು ಅಡುಗೆಮನೆ. ವಾಸನೆ ಬರುತ್ತದೆ ಅಂತ ಪಕ್ಕದ ಕ್ವಾರ್ಟರ್ಸಿನವರು ಅಂದರು. ಆದರೆ ಅವಳು ವಾಪಸ್ ಹೋಗಿದ್ದು ಅದಕ್ಕಲ್ಲ. ನವಲಗುಂದದ ಕಡೆಯಿಂದ ನನಗೊಂದು ಸಂಬಂಧ ಬಂದಿದೆ. ಹುಡುಗನ ಹೆಸರು ಬೀರಲಿಂಗ, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎರಡು ಸಲ ಮಾತಾಡಿದ್ದೇನೆ. ಸುಮ್ಮನಿರುವ ಮನುಷ್ಯ, ನನಗೆ ಹಿಡಿಸಿದ. ಅದನ್ನು ಹೇಳಿದ ದಿನವೇ ಅವ್ವ ಗಂಟು ಕಟ್ಟಿದಳು. "ಲಗ್ನಾ ಆದ ಮ್ಯಾಲೆ ಅಳಿಯಾನ ಮನಿಯಾಗ ಕುಂತು ಉಣ್ಣಾಕ ನನಗ ನಾಚಿಕಿಲ್ಲೇನು? ನಿನ್ನ ಪಗಾರ ನಿನ್ನ ಗಂಡನ ಮನಿದು. ನಾ ಅದರಾಗ ಕೈ ಹಾಕಂಗಿಲ್ಲ," ಅಂದಳು.

ನಮ್ಮವರಲ್ಲಿ ಹಾಗೆಯೇ. ಮಗಳ ಮನೆಗೆ ತಾಯಿ ಬಂದರೆ ನೀರು ಕುಡಿದು ಏಳಬೇಕು. ನಾನು ಗಂಡಾಗಿದ್ದರೆ ಅವಳು ನನ್ನ ಹಿಂದೆ ಎಲ್ಲಿಗಾದರೂ ಬರುತ್ತಿದ್ದಳು, ಆ ಮನೆಯನ್ನು ನಿನಗೆ ನಾನೇ ಬಂದು ಕೀಲಿ ಕೊಟ್ಟು ಹೋಗುತ್ತಿದ್ದೆ. ಈಗ ಅದೊಂದು ಹೋದರೆ ಅವಳಿಗೆ ಊರಿಲ್ಲ, ನಾಡಿಲ್ಲ. ಇದನ್ನು ಪಂಚಾಯ್ತಿಗೆ ಯಾವ ಅರ್ಜಿಯಲ್ಲಿ ಬರೆಯಲಿ?

ಚಹಾ ಕರೆದರೆ ಹೋಗು. ಅವಳಿಗೆ ಒಬ್ಬಳೇ ಕುಡಿದು ಅಭ್ಯಾಸವಿಲ್ಲ.

ನಿನ್ನ
ಸೀಮಾ


ಆಶ್ರಯ ಪ್ಲಾಟ್
11 ಜುಲೈ 2024

ಸೀಮಾ,

ಮಳೆ ಹಿಡಿದು ಆರು ದಿನ. ಎರೆ ಮಣ್ಣು ಕಾಲು ಬಿಡುತ್ತಿಲ್ಲ. ನಮ್ಮ ಶೆಡ್ಡು ಹಳ್ಳದ ಬಾಜೂ ಇರುವುದರಿಂದ ನೀರು ಕೆಳಗಿನಿಂದಲೂ ಬರುತ್ತದೆ, ಮೇಲಿನಿಂದಲೂ ಬರುತ್ತದೆ. ಅಬ್ಬಾ ಮಂಚದ ಮೇಲೆ ಕಾಲು ಮಡಿಚಿಕೊಂಡು ಕೂತಿದ್ದಾರೆ. ಮೊಣಕಾಲು ಹೋದ ಮೇಲೆ ಅವರಿಗೆ ಬೇರೆ ಜಾಗವಿಲ್ಲ. ಈ ಪ್ಲಾಟಿನ ಅರ್ಧ ಗೋಡೆ ಎಬ್ಬಿಸಿದ ಗೌಂಡಿ ಅವರು. ನಿಮ್ಮ ಮನೆ ಕಟ್ಟುವಾಗ ನಾವಿಬ್ಬರೂ ಇಟ್ಟಿಗೆ ಹೊತ್ತಿದ್ದೆವು. ಆಗ ನಮಗೆ ಊರೊಳಗೆ ದೊಡ್ಡಪ್ಪನ ಜೊತೆ ಮನೆ ಇತ್ತು, ಅದಕ್ಕೆ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ದೊಡ್ಡಪ್ಪ ಹೊರಗೆ ಹಾಕಿದ ಮೇಲೆ ಪಟ್ಟಿ ಮುಗಿದಿತ್ತು.

ನಿನ್ನ ಕಾಗದ ಓದಿ ನನಗೆ ಸಿಟ್ಟು ಬಂತು. ಸರ್ಕಾರ ನಿನಗೆ ಎರಡು ಮನೆ ಕೊಟ್ಟಿದೆ, ಒಂದು ಇಲ್ಲಿ, ಒಂದು ಅಲ್ಲಿ. ನನಗೆ ಒಂದೂ ಇಲ್ಲ. ನಿಮ್ಮಲ್ಲಿ ಮಗಳ ಅನ್ನ ಉಣ್ಣುವುದಿಲ್ಲ ಅಂದರೆ ಅದು ನಿಮ್ಮ ಪದ್ಧತಿ. ನಿಮ್ಮ ಪದ್ಧತಿಗೆ ನಾನು ಯಾಕೆ ನೆನೆಯಬೇಕು? ಇಷ್ಟು ಬರೆದು ಮೂರು ದಿನ ಹಾಗೇ ಇಟ್ಟಿದ್ದೆ. ಅಷ್ಟರಲ್ಲಿ ಬಸಕ್ಕ ಬಂದಳು.

ಪಟ್ಟಿಯ ವಿಷಯ ಯಾರೋ ಆಕೆಗೆ ಹೇಳಿದ್ದಾರೆ. ಕುಂದಗೋಳದಲ್ಲಿ ಕಚೇರಿ ಮುಂದೆ ಅರ್ಜಿ ಬರೆಯುವ ಕಾಶಿನಾಥನ ಹತ್ತಿರ ಹೋಗಿ ಬಂದಿದ್ದಾಳೆ. ಅವನು ದಾರಿ ಹೇಳಿಕೊಟ್ಟಿದ್ದಾನೆ. ಕಾರ್ಡಿನಿಂದ ನಿನ್ನ ಹೆಸರು ತೆಗೆಸುವುದು. ಮಗಳು ನೌಕರಿ ಹಿಡಿದ ಮೇಲೆ ನನ್ನನ್ನು ಬಿಟ್ಟಿದ್ದಾಳೆ, ಬರುವುದಿಲ್ಲ, ಒಂದು ಪೈಸೆ ಕೊಡುವುದಿಲ್ಲ ಅಂತ ಪಂಚನಾಮೆ ಮಾಡಿಸುವುದು. ಅದಕ್ಕೆ ನೆರೆಯ ಐದು ಜನ ಸಹಿ ಹಾಕಬೇಕು. ನಾಲ್ಕು ಆಗಿವೆ. ಸಹಿ ಮಾಡಿದವರೆಲ್ಲ ತಮ್ಮ ಕಾರ್ಡು ಒಡೆಸಿಕೊಂಡವರೇ.

"ಐದನೇದ್ದು ನಿಂದ ಬೇಕಂತ ಕಾಶಿನಾಥ ಅಂದಾನ," ಅಂದಳು. ನನ್ನ ಮನೆಯ ಬಾಗಿಲಲ್ಲೇ ನಿಂತಿದ್ದಳು, ನೀರಿನಲ್ಲಿ. ಒಳಗೆ ಬಾ ಅಂದರೂ ಬರಲಿಲ್ಲ. "ಪಟ್ಟ್ಯಾಗ ಮೊದಲನೇ ಹೆಸರು ನಿಂದ ಐತಂತ. ನೀನ ಸಹಿ ಮಾಡಿದರ ಯಾರೂ ಸುಳ್ಳ ಅನ್ನಂಗಿಲ್ಲಂತ. ನಾ ನಿನಗ ಕೇಳಬಾರದು, ನನಗ ಗೊತ್ತೈತಿ ಬೇ. ಆದ್ರ ನಾ ಎಲ್ಲಿಗಿ ಹೋಗಲಿ?"

ನಾನು ಕಾಗದ ಇಸಿದುಕೊಂಡೆ. ಗಂಡ ಅಣ್ಣಿಗೇರಿಯಿಂದ ನನ್ನನ್ನು ಕಳಿಸಿದ ವರ್ಷ ನನಗೂ ಅಬ್ಬಾನಿಗೂ ನಾಲ್ಕು ತಿಂಗಳು ರೊಟ್ಟಿ ಕೊಟ್ಟವಳು ಆಕೆ. ಅದನ್ನು ಆಕೆ ನೆನಪಿಸಲಿಲ್ಲ. ನೆನಪಿಸಿದ್ದರೆ ಸಿಟ್ಟು ಮಾಡಬಹುದಿತ್ತು.

ಕಾಗದ ನನ್ನ ಹತ್ತಿರವೇ ಇದೆ. ನೀನು ಬೇಡ ಅನ್ನು ಸೀಮಾ. ನಿನ್ನ ಹೆಸರಿನ ಮೇಲೆ ಹೀಗೆ ಬರೆಯುವುದು ಬೇಡ ಅಂತ ಒಂದು ಸಾಲು ಬರೆ. ಅದನ್ನು ತೋರಿಸಿ ನಾನು ತಪ್ಪಿಸಿಕೊಳ್ಳುತ್ತೇನೆ.

ಶಮಾ


ಕಲಘಟಗಿ
16 ಜುಲೈ 2024

ಶಮಾ,

ಸಹಿ ಮಾಡು.

ಬರೀ ಕಾಗದ ಅದು. ಅವ್ವನಿಗೆ ನಾನು ಏನು, ನನಗೆ ಅವ್ವ ಏನು ಅಂತ ಊರಿಗೆ ಗೊತ್ತಿದೆ. ನಿನ್ನ ಹೆಸರು ಮೊದಲನೆಯದೇ ಇರುತ್ತದೆ, ಇನ್ನೊಂದು ಮನೆ ಬಂದೇ ಬರುತ್ತದೆ. ಅಲ್ಲಿಯವರೆಗೆ ಶೆಡ್ಡಿಗೆ ಹೊಸ ತಗಡು ಹಾಕಿಸಿಕೊಡುತ್ತೇನೆ. ಬೇಡ ಅನ್ನಬೇಡ.

ಇದಕ್ಕಿಂತ ಹೆಚ್ಚು ಬರೆಯಲು ಮುಖವಿಲ್ಲ.

ಸೀಮಾ


ಆಶ್ರಯ ಪ್ಲಾಟ್
24 ಆಗಸ್ಟ್ 2024

ಸೀಮಾ,

ಗ್ರಾಮಸಭೆ ಮುಗಿಯಿತು. ಮನೆ ಉಳಿಯಿತು. ಮುಂದಿನ ವರ್ಷ ಹಕ್ಕುಪತ್ರ ಕೊಡುವ ಮುಂಚೆ ಇನ್ನೊಮ್ಮೆ ಬಂದು ನೋಡುತ್ತಾರಂತೆ. ಅಲ್ಲಿಯವರೆಗೆ ನೀನು ಈ ಕಡೆ ಬರಬೇಡ. ಬಂದರೆ ಯಾರಾದರೂ ಫೋಟೋ ತೆಗೆಯುತ್ತಾರೆ. ಇದು ನಾನು ಹೇಳುವ ಮಾತಲ್ಲ, ಕಾಶಿನಾಥ ಹೇಳಿ ಕಳಿಸಿದ್ದು.

ಹೊಸ ತಗಡು ಕಳಿಸಬೇಡ. ನಾನು ಸಹಿ ಮಾಡಿದ್ದು ತಗಡಿಗಲ್ಲ.

ಸಭೆ ಶಾಲೆಯ ಪಡಸಾಲೆಯಲ್ಲಿತ್ತು. ತಾಲೂಕಿನಿಂದ ಬಂದ ಸಾಹೇಬರು ಪಂಚನಾಮೆ ಓದಿದರು. ಐದು ಹೆಸರು ಓದಿ ನನ್ನ ಕಡೆ ನೋಡಿ, "ಮನಿ ಸಿಗಬೇಕಾದಾಕಿನ ಸಹಿ ಮಾಡ್ಯಾಳಂದ್ರ ಖರೇನ ಇರಬೇಕು," ಅಂದರು. ಎಲ್ಲರೂ ಹೌದು ಹೌದು ಅಂದರು. ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಬಸಕ್ಕನನ್ನು ಎಬ್ಬಿಸಿ ಕೈಗೆ ಮೈಕು ಕೊಟ್ಟರು.

"ಮಗಳು ರೊಕ್ಕಾ ಕಳಸ್ತಾಳೇನವಾ?"

"ಇಲ್ರಿ."

"ಬಂದು ಹೋಗಿ ಮಾಡ್ತಾಳೇನು?"

"ಇಲ್ರಿ."

ಇಷ್ಟನ್ನೇ ಹೇಳಬೇಕು, ಹೆಚ್ಚಿಗೆ ಒಂದು ಮಾತಾಡಬಾರದು ಅಂತ ಕಾಶಿನಾಥ ಅವಳಿಗೆ ಕಲಿಸಿಕೊಟ್ಟಿದ್ದ. ಆದರೆ ಆಕೆ ಮೈಕು ವಾಪಸ್ ಕೊಡಲಿಲ್ಲ. ನೆಲ ನೋಡುತ್ತಾ ಮತ್ತೆ ಶುರು ಮಾಡಿದಳು. "ನೌಕರಿ ಸಿಕ್ಕಿಂದ ಆಕಿಗೆ ನಾ ನಾರತೇನ್ರಿ. ನನ್ನ ಉಣ್ಣಿ ವಾಸನಿ ಆಕಿಗೆ ಆಗಂಗಿಲ್ಲ. ಗಂಟ ಹೊರಗಿಡು ಅಂದ್ಲು. ಗಂಟ ಹೊರಗಿಟ್ಟ ಮ್ಯಾಲೆ ನಾ ಒಳಗ ಹೆಂಗಿರಲ್ರಿ?" ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ಅತ್ತರು. ಸವಿತಾ, ಹಿಂದಿನ ಓಣಿಯವಳು, "ಊರ ಮಂದಿಗೆಲ್ಲಾ ಸೂಜಿ ಮಾಡತಾಳ, ಹಡದಾಕಿ ಬ್ಯಾಡ," ಅಂತ ಎಲ್ಲರಿಗೂ ಕೇಳುವಂತೆ ಅಂದಳು.

ನಾನು ಪಂಚನಾಮೆಯನ್ನು ನಾಲ್ಕು ಸಲ ಓದಿದ್ದೇನೆ. ಉಣ್ಣೆಯ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಪಕ್ಕದ ಕ್ವಾರ್ಟರ್ಸಿನವರು ಅಂದರು ಅಂತಲ್ಲವೇ ನೀನು ಬರೆದದ್ದು?

ಸಹಿ ಮಾಡಿದ ದಿನದಿಂದ ಅಬ್ಬಾ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ತಟ್ಟೆ ಮುಂದಿಟ್ಟರೆ ಉಣ್ಣುತ್ತಾರೆ, ಅಷ್ಟೇ.

ಶಮಾ


ಕಲಘಟಗಿ
12 ನವೆಂಬರ್ 2024

ಶಮಾ,

ನಿನ್ನ ಕಾಗದಕ್ಕೆ ಎರಡೂವರೆ ತಿಂಗಳು ಉತ್ತರ ಕೊಡಲಿಲ್ಲ. ಪಕ್ಕದವರು ಏನೂ ಅಂದಿರಲಿಲ್ಲ. ಅಂದದ್ದು ನಾನೇ. ಒಂದು ಸಲ ಅಂದೆ, ಡ್ಯೂಟಿ ಮುಗಿಸಿ ಬಂದಾಗ, ತಲೆನೋವಿನಲ್ಲಿ. ಅವಳು ಸುಮ್ಮನೆ ಎದ್ದು ಗಂಟು ಹೊರಗಿಟ್ಟು ಬಂದು ನನ್ನ ತಲೆ ಒತ್ತಿದಳು. ಮರೆತಿದ್ದಾಳೆ ಅಂದುಕೊಂಡಿದ್ದೆ.

ದಸರೆಗೆ ನಾನು ಊರಿಗೆ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಕೊನೆಗೆ ಹೋದ ಗುರುವಾರ ಯಮನೂರಿನಲ್ಲಿ ಸೇರೋಣ ಅಂತ ಫೋನಿನಲ್ಲಿ ಅವ್ವನಿಗೆ ಹೇಳಿದೆ. ದರ್ಗಾಕ್ಕೆ ಎಲ್ಲ ಕಡೆಯ ಮಂದಿ ಬರುತ್ತಾರೆ, ಯಾರೂ ಯಾರನ್ನೂ ಕೇಳುವುದಿಲ್ಲ. ಎರಡು ಬಸ್ಸು ಬದಲಿಸಿ ಬಂದಳು. ನಾನು ಹೋಳಿಗೆ ಮಾಡಿಕೊಂಡು ಹೋಗಿದ್ದೆ. ಡಬ್ಬಿ ಬಿಚ್ಚುವಷ್ಟರಲ್ಲಿ ಸವಿತಾ ಕಂಡಳು, ಹರಕೆಗೆ ಬಂದಿದ್ದಳಂತೆ. ಅವ್ವ ಎದ್ದು ಹತ್ತು ಮಾರು ಆಚೆ ಹೋಗಿ, ನನಗೆ ಬೆನ್ನು ಮಾಡಿ ಕೂತಳು. ಸವಿತಾ ಹೋದ ಮೇಲೂ ತಿರುಗಲಿಲ್ಲ. ಬಸ್ಸಿನ ಹೊತ್ತಾಯಿತು, ಎದ್ದು ಹೋದಳು. ಹೋಳಿಗೆಯನ್ನು ನಾನು ವಾಪಸ್ ತಂದೆ.

ಈಗ ಒಂದು ಕೆಲಸ ಕೇಳುತ್ತೇನೆ. ಬೀರಲಿಂಗನ ಮನೆಯವರು ಒಪ್ಪಿದ್ದಾರೆ. ಆದರೆ ಅವನ ಕಾಕಾ ಮಾಳಪ್ಪ ಊರಿಗೆ ಬಂದು ಒಂದು ಮಾತು ಕೇಳಿ ಹೋಗುತ್ತಾರೆ, ಪದ್ಧತಿಯಂತೆ. ಹುಡುಗಿಯ ಮನೆಯಲ್ಲಿ ಕೇಳುವುದಿಲ್ಲ, ಬಾಜೂ ಮನೆಯಲ್ಲಿ ಕೇಳುತ್ತಾರೆ. ಬಾಜೂ ಮನೆಯೆಂದರೆ ನೀನೇ. ಬೀರಲಿಂಗನಿಗೆ ಪಂಚನಾಮೆಯ ವಿಷಯ ನಾನು ಹೇಳಿಲ್ಲ, ಧೈರ್ಯ ಬರಲಿಲ್ಲ. ಮಾಳಪ್ಪ ಕಾಕಾನನ್ನು ಒಳಗೆ ಕೂರಿಸಿ ಇದ್ದದ್ದು ಇದ್ದ ಹಾಗೆ ಹೇಳು. ಮನೆ ಉಳಿಸಿಕೊಳ್ಳಲು ಬರೆದದ್ದು ಅಂತ ಹೇಳಿದರೆ ಅವರಿಗೆ ತಿಳಿಯುತ್ತದೆ. ಅವರೂ ಇಂಥ ಪ್ಲಾಟಿನಲ್ಲೇ ಇರುವವರು.

ನನಗೆ ಇಪ್ಪತ್ತೆಂಟು ವರ್ಷ ಶಮಾ. ಇದು ತಪ್ಪಿದರೆ ಇನ್ನೊಂದು ಬರುತ್ತದೆ ಅನ್ನುವ ನಂಬಿಕೆ ನನಗಿಲ್ಲ. ಅದಲ್ಲದೆ ನನಗೆ ಇವನೇ ಬೇಕು.

ನಿನ್ನ
ಸೀಮಾ


ಆಶ್ರಯ ಪ್ಲಾಟ್
20 ಜನವರಿ 2025

ಸೀಮಾ,

ಇದನ್ನು ಡಿಸೆಂಬರಿನಲ್ಲೇ ಬರೆಯಬೇಕಿತ್ತು.

ಮಾಳಪ್ಪ ಕಾಕಾ ಡಿಸೆಂಬರ್ ಎರಡನೇ ವಾರ ಬಂದಿದ್ದರು. ಬಿಳಿ ಟೊಪ್ಪಿಗೆ, ಹೆಗಲ ಮೇಲೆ ಕಂಬಳಿ. ಮಧ್ಯಾಹ್ನ ನಾನು ಶೆಡ್ಡಿನ ಮುಂದೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ. ಬಸಕ್ಕ ಮನೆಯಲ್ಲಿರಲಿಲ್ಲ. ನೀರಿನ ಟಾಕಿಯ ಹತ್ತಿರ ಪಂಚಾಯ್ತಿಯ ಸಲೀಮ್, ನಳ ಬಿಡುವವನು, ಬೀಡಿ ಸೇದುತ್ತಾ ಕೂತಿದ್ದ.

"ತಂಗಿ, ಬಸಕ್ಕನ ಮಗಳು ಹೆಂಗ?" ಅಂದರು ಕಾಕಾ. "ಊರಾಗ ಏನೋ ಒಂದ ಮಾತ ಕೇಳಿ ಬಂತು. ತಾಯೀನ ನೋಡಂಗಿಲ್ಲಂತ. ಖರೇ ಏನು?"

ಸಲೀಮ್ ನಮ್ಮ ಕಡೆ ನೋಡಿದ. ನಾನು ತಲೆ ಎತ್ತದೆ, "ಕಾಗದದಾಗ ಐತಲ್ರಿ, ನಾನ ಸಹಿ ಮಾಡೇನಿ," ಅಂದೆ.

ಇಷ್ಟು ಓದಿ, ಸಲೀಮ್ ಇದ್ದ, ಪಾಪ ಶಮಾ ಇನ್ನೇನು ಮಾಡಿಯಾಳು ಅಂತ ನೀನು ಅಂದುಕೊಳ್ಳುತ್ತೀ. ಹಾಗೆ ಅಂದುಕೊಳ್ಳಲಿ ಅಂತಲೇ ಇಲ್ಲಿಗೆ ನಿಲ್ಲಿಸಿ ಒಂದು ಕಾಗದ ಬರೆದಿದ್ದೆ. ಅದನ್ನು ಹರಿದು ಹಾಕಿದೆ.

ಸಲೀಮ್ ಐದು ನಿಮಿಷದಲ್ಲಿ ಎದ್ದು ಹೋದ. ಕಾಕಾ ಬಸ್ಸಿಗಾಗಿ ಬೇವಿನ ಗಿಡದ ಕೆಳಗೆ ಮುಕ್ಕಾಲು ತಾಸು ನಿಂತಿದ್ದರು. ನಾನು ಕೂತಲ್ಲಿಂದ ಕಾಣುತ್ತಿದ್ದರು. ಎದ್ದು ಹೋಗಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಒಮ್ಮೆ ಎದ್ದೆ ಕೂಡ. ಆಮೇಲೆ ನನ್ನ ಮನಸ್ಸಿಗೆ ಬಂದದ್ದು ಏನು ಗೊತ್ತೇ? ಇವಳಿಗೆ ಪಗಾರ ಇದೆ, ಕ್ವಾರ್ಟರ್ಸ್ ಇದೆ, ಅವ್ವನ ಮನೆಯೂ ಉಳಿಯಿತು, ಅದಕ್ಕೆ ನನ್ನ ಕೈಯಿಂದಲೇ ಸಹಿ ಹಾಕಿಸಿದಳು, ಈಗ ಗಂಡನೂ ಬೇಕು, ಅದಕ್ಕೂ ನಾನೇ ಹೇಳಬೇಕು. ಒಂದಾದರೂ ಹೋಗಲಿ. ಹೀಗೆ ಅಂದುಕೊಂಡೆ ಸೀಮಾ. ಮತ್ತೆ ಕೂತು ತೊಟ್ಟು ಬಿಡಿಸಿದೆ. ಬಸ್ಸು ಬಂತು, ಹತ್ತಿ ಹೋದರು.

ನನಗೆ ಇದರಿಂದ ಏನೂ ಸಿಗಲಿಲ್ಲ. ಆ ಸಂಜೆ ಕೈ ಬಹಳ ಉರಿಯಿತು, ಮೆಣಸಿನಕಾಯಿಗೆ ದಿನಾ ಉರಿಯುವುದಕ್ಕಿಂತ ಹೆಚ್ಚು. ಬಸಕ್ಕ ಬಂದು ಮಜ್ಜಿಗೆಯಲ್ಲಿ ಕೈ ಅದ್ದಿಸಿದಳು. ಆಕೆಗೆ ನಾನು ಏನೂ ಹೇಳಿಲ್ಲ.

ಶಮಾ


ಕಲಘಟಗಿ
2 ಫೆಬ್ರವರಿ 2025

ಶಮಾ,

ಬೀರಲಿಂಗನ ಮನೆಯವರು ಬೇಡ ಅಂದದ್ದು ಸಂಕ್ರಾಂತಿಯ ಹಿಂದಿನ ದಿನ. ಹಡೆದವಳನ್ನು ನೋಡದವಳು ಅತ್ತೆಯನ್ನು ಏನು ನೋಡುತ್ತಾಳೆ ಅಂದರಂತೆ. ಬೀರಲಿಂಗ ಫೋನ್ ಮಾಡಿದ್ದ. ನಾನು ನಿಜ ಹೇಳಿದೆ. ಅವನು, "ಐದ ಮಂದಿ ಸುಳ್ಳ ಸಹಿ ಮಾಡತಾರೇನ್ರಿ," ಅಂದ. ಆಮೇಲೆ ಫೋನ್ ಎತ್ತಲಿಲ್ಲ. ಅವರ ಮುಂದೆ ಅದನ್ನು ಹೌದು ಅಂದವರು ಯಾರು ಅಂತ ನನಗೆ ತಿಳಿದದ್ದು ನಿನ್ನ ಕಾಗದದಿಂದ.

ನಿನ್ನೆ ತಾಲೂಕು ಕಚೇರಿಗೆ ಅರ್ಜಿ ಬರೆದಿದ್ದೇನೆ. ನೌಕರಿ ಸೇರಿದ ದಿನದಿಂದ ಅವ್ವನಿಗೆ ನಾನು ಕಳಿಸಿದ ರೊಕ್ಕದ ಬ್ಯಾಂಕಿನ ಕಾಗದಗಳನ್ನು ಜೊತೆಗೆ ಇಟ್ಟಿದ್ದೇನೆ. ಪಂಚನಾಮೆ ಸುಳ್ಳು, ನಾನು ನನ್ನ ತಾಯಿಯನ್ನು ಬಿಟ್ಟವಳಲ್ಲ ಅಂತ ಬರೆದಿದ್ದೇನೆ. ಮನೆ ಹೋಗುತ್ತದೆ ಅಂತ ಗೊತ್ತು. ಸಹಿ ಹಾಕಿದವರ ಹೆಸರುಗಳನ್ನೂ ಬರೆಯಬೇಕಿತ್ತು, ಬರೆದೆ. ನಿನ್ನದನ್ನು ಮೊದಲು ಬರೆದೆ.

ಸೀಮಾ


ಆಶ್ರಯ ಪ್ಲಾಟ್
15 ಮೇ 2025

ಸೀಮಾ,

ನೀನು ಕೇಳಿಲ್ಲ, ಆದರೂ ತಿಳಿಸುವುದು ನನ್ನ ಕೆಲಸ. ಇಲ್ಲಿ ನಿನಗೆ ಬರೆಯುವವರು ಬೇರೆ ಯಾರೂ ಇಲ್ಲ.

ಹೋದ ವಾರ ತಾಲೂಕಿನಿಂದ ಜೀಪು ಬಂತು. ನಿನ್ನ ಅರ್ಜಿಯನ್ನು ಬಸಕ್ಕನ ಮುಂದೆ ಓದಿದರು. ಆಕೆ ಪೂರ್ತಿ ಕೇಳಿದಳು. ಆಮೇಲೆ ಕಾಗದ ಇಸಿದುಕೊಂಡು ನನ್ನ ಕೈಗೆ ಕೊಟ್ಟು, "ಇದು ಆಕೀದ ಅಕ್ಷರ ಏನ ಬೇ?" ಅಂದಳು. ಹೌದು ಅಂದೆ. ಸಾಹೇಬರು, "ಮಗಳು ನಿನ್ನ ಚಲೋನ ನೋಡಿಕೊಂಡಾಳಲ್ಲವಾ, ಸಭಾದಾಗ ಯಾಕ ಹಂಗ ಅಂದಿ?" ಅಂತ ಕೇಳಿದರು. ಇಡೀ ಪ್ಲಾಟು ನಿಂತಿತ್ತು. ಆಕೆ ಸೆರಗು ಸಿಕ್ಕಿಸಿಕೊಂಡಳು. ಒಳಗೆ ಹೋಗಿ ಸಾಮಾನು ಒಂದೊಂದೇ ತಂದು ಹೊರಗಿಟ್ಟಳು. ಯಾರೂ ಕೈ ಹಚ್ಚಲಿಲ್ಲ. ನಾನು ಕೊಡ ಎತ್ತಲು ಹೋದೆ, ಇಸಿದುಕೊಂಡಳು.

ಬಾಗಿಲಿಗೆ ಕೀಲಿ ಹಾಕಿ ಅರಗಿನ ಮುದ್ರೆ ಒತ್ತಿದ್ದಾರೆ. ಮನೆ ಯಾರಿಗೆ ಅಂತ ಇನ್ನೂ ತೀರ್ಮಾನವಾಗಿಲ್ಲ. ನನಗಂತೂ ಅಲ್ಲ. ಸುಳ್ಳು ಪಂಚನಾಮೆಗೆ ಸಹಿ ಮಾಡಿದವರಿಗೆ ಇನ್ನು ಮೇಲೆ ಯಾವ ಸರ್ಕಾರಿ ಮನೆಯೂ ಇಲ್ಲ ಅಂತ ನೋಟಿಸು ಕೊಟ್ಟರು. ಉಳಿದ ನಾಲ್ವರಿಗೆ ಮನೆ ಇದೆ, ಅವರು ಅದನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡರು. ನೀನು ಮಾಡಿದ್ದು ತಪ್ಪು ಅಂತ ಹೇಳುವುದಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ಇದನ್ನೇ ಮಾಡುತ್ತಿದ್ದೆ, ಒಂದು ತಿಂಗಳು ಮುಂಚೆಯೇ ಮಾಡುತ್ತಿದ್ದೆ.

ಬಸಕ್ಕ ಎಲ್ಲಿದ್ದಾಳೆ ಅಂತ ನೀನು ಚಿಂತೆ ಮಾಡುತ್ತಿರಬಹುದು. ನೀನು ಫೋನ್ ಮಾಡಿದರೆ ಎತ್ತುತ್ತಿಲ್ಲ, ಗೊತ್ತು. ಜೀಪು ಹೋದ ಮೇಲೆ ಆಕೆ ಸಾಮಾನಿನ ನಡುವೆ ಬಿಸಿಲಲ್ಲಿ ಕೂತಿದ್ದಳು. ಅಬ್ಬಾ ಕೋಲು ಊರಿಕೊಂಡು ಎದ್ದರು. ಅಷ್ಟು ದೂರ ಅವರು ನಡೆದು ವರ್ಷವಾಗಿತ್ತು. "ಬಸಕ್ಕ, ಒಳಗ ನಡಿ," ಅಂದರು. ಆಕೆ ಎದ್ದು ಬಂದಳು. ಈಗ ನಮ್ಮ ಶೆಡ್ಡಿನಲ್ಲಿ ಮೂವರಿದ್ದೇವೆ. ಆಕೆ ಅಬ್ಬಾನ ಜೊತೆ ಮಾತಾಡುತ್ತಾಳೆ, ಅಬ್ಬಾ ಆಕೆಯ ಜೊತೆ ಮಾತಾಡುತ್ತಾರೆ. ನಾನು ಇಬ್ಬರಿಗೂ ರೊಟ್ಟಿ ಬಡಿಯುತ್ತೇನೆ.

ಶಮಾ


ಕಲಘಟಗಿ
3 ಜೂನ್ 2025

ಶಮಾ,

ಇದನ್ನು ಅವ್ವನಿಗೆ ಓದಿ ಹೇಳು.

ಅವ್ವಾ, ಕ್ವಾರ್ಟರ್ಸ್ ಬಿಟ್ಟೆ. ಊರ ಹೊರಗೆ ಒಂದು ಬಾಡಿಗೆ ಮನೆ ಹಿಡಿದಿದ್ದೇನೆ. ಹಿಂದೆ ದೊಡ್ಡ ಹಿತ್ತಲಿದೆ, ಉಣ್ಣೆ ಹರವಬಹುದು. ಒಳಗೂ ಇಡಬಹುದು, ಎಲ್ಲಿ ಬೇಕಾದರೂ ಇಡು. ನನ್ನ ಲಗ್ನದ ಮಾತು ಮುಗಿಯಿತು, ಇನ್ನು ಅದನ್ನು ಎತ್ತುವುದಿಲ್ಲ. ಹಾಗಾಗಿ ಇದು ಅಳಿಯನ ಮನೆಯಲ್ಲ. ಇಲ್ಲಿ ಉಂಡರೆ ಯಾರೂ ಏನೂ ಅನ್ನುವುದಿಲ್ಲ. ನಾನು ಆ ದಿನ ಗಂಟು ಹೊರಗಿಡು ಅಂದದ್ದು ತಪ್ಪು. ಅರ್ಜಿ ಬರೆದದ್ದೂ ಸಿಟ್ಟಿನಲ್ಲಿ. ನನ್ನ ಹೆಸರು ಉಳಿಸಿಕೊಳ್ಳಲು ಹೋಗಿ ಊರ ಮುಂದೆ ನಿನ್ನ ಮಾನ ಕಳೆದೆ. ಹದಿನೈದನೇ ತಾರೀಕು ಭಾನುವಾರ, ರಜೆ ಇದೆ. ಬಂದು ಕರೆದುಕೊಂಡು ಬರುತ್ತೇನೆ. ಹೂಂ ಅನ್ನು ಸಾಕು.

ಶಮಾ, ಇದು ನಿನಗೆ. ನಿನ್ನನ್ನು ಕ್ಷಮಿಸಿದ್ದೇನೆ ಅಂತ ಬರೆಯಲು ಕೂತೆ, ಬರೆಯಲು ಆಗಲಿಲ್ಲ. ನೀನೂ ನನ್ನನ್ನು ಕ್ಷಮಿಸಿರಲಾರೆ. ಅವಳನ್ನು ಇಟ್ಟುಕೊಂಡಿದ್ದೀರಿ. ಅದಕ್ಕೆ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ.

ಸೀಮಾ


ಆಶ್ರಯ ಪ್ಲಾಟ್
10 ಜೂನ್ 2025

ಸೀಮಾ,

ಭಾನುವಾರ ಬರಬೇಡ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ಆಕೆ ಅಕ್ಕಿ ಆರಿಸುತ್ತಿದ್ದಳು, ಕೇಳಲಿಲ್ಲವೇನೋ ಅಂದುಕೊಂಡು ಮತ್ತೆ ಓದಿದೆ. ಉಣ್ಣೆಯ ಮಾತು ಬಂದಾಗ ಕೈ ನಿಂತಿತು. ಪೂರ್ತಿ ಮುಗಿಯುವವರೆಗೆ ಹಾಗೇ ಕೂತಿದ್ದಳು. ನನಗೆ ಆಸೆಯಾಯಿತು, ಹೂಂ ಅನ್ನುತ್ತಾಳೆ ಅಂತ.

"ಯಾರ ಕಾಗದಾ ಅದು?" ಅಂದಳು.

"ಸೀಮಾಂದು," ಅಂದೆ.

"ನನಗ ಕಾಗದಾ ಬರಿಯವರ ಯಾರೂ ಇಲ್ಲ. ನಿಂದಿದ್ರ ನೀ ಇಟ್ಕೋ."

ಅಬ್ಬಾ ಏನೋ ಹೇಳಲು ಹೋದರು, ಆಕೆ ಅಕ್ಕಿಯ ಮೊರ ಎತ್ತಿಕೊಂಡು ಹೊರಗೆ ಹೋದಳು. ಅರ್ಧ ತಾಸು ಬಿಟ್ಟು ನೋಡಿದರೆ, ಮುದ್ರೆ ಹಾಕಿದ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಅಲ್ಲಿ ಕೂರಬಾರದು ಅಂತ ಸಲೀಮ್ ಹೇಳಿದ. ಎದ್ದು ಬಂದಳು.

ಇನ್ನು ಕಾಗದ ಹಾಕಬೇಡ ಸೀಮಾ. ಓದಿ ಹೇಳಬೇಕಾದವಳು ನಾನು, ಕೇಳಬೇಕಾದವಳು ಆಕೆ. ಇಬ್ಬರಿಂದಲೂ ಆಗುತ್ತಿಲ್ಲ.

ಶಮಾ